ಎಸ್ಟಿಮೇಟರ್ ಕೆಲಸ ಬಿಟ್ಟು ಕ್ಯಾಮೆರಾ ಹೊತ್ತ ದೀನ್ ದಯಾಳ್

ಎಸ್ಟಿಮೇಶನ್ ಅಂದ್ರೆ ಏನು ಅಂತ ಸಿವಿಲ್ ಬ್ರಾಂಚಿನವರಿಗೆ ಹೇಳಬೇಕಾಗಿಲ್ಲ. ಇಟ್ಟಿಗೆ ಎಷ್ಟು, ಸುಣ್ಣ ಎಷ್ಟು, ಮಣ್ಣು ಅಗೆಯೋ ಕೂಲಿ ಎಷ್ಟು ಅಂತ ಕಾಲಂ ಹಾಕಿ ಕೂಡಿಸೋ ಕೆಲಸ. 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯ ಕಚೇರಿಗೆ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಹೆಡ್ ಎಸ್ಟಿಮೇಟರ್ ಮತ್ತು ಡ್ರಾಫ್ಟ್ಸ್‌ಮನ್ ಆಗಿ ಸೇರಿದ. ಸರ್ಕಾರಿ ನೌಕರಿ, ತಿಂಗಳಿಗೊಮ್ಮೆ ಸಂಬಳ, ಕೊನೆಗೆ ಪಿಂಚಣಿ. ಆ ಕಾಲದಲ್ಲಿ ಒಂದು ಮಧ್ಯಮ ವರ್ಗದ ಜೈನ ಕುಟುಂಬ ಇದಕ್ಕಿಂತ ಹೆಚ್ಚಿಗೆ ಏನು ಕೇಳೀತು? ಆದರೆ ಇವತ್ತು ಲಾಲಾ ದೀನ್ ದಯಾಳ್ ಅನ್ನೋ ಹೆಸರು ನೆನಪಿರೋದು ಅವರು ಕೂಡಿಸಿದ ಲೆಕ್ಕದಿಂದ ಅಲ್ಲ. ಹತ್ತೊಂಬತ್ತನೇ ಶತಮಾನದ ಸಾಂಚಿ, ಖಜುರಾಹೊ, ಎಲ್ಲೋರಾ ಹೇಗಿದ್ದವು ಅಂತ ನೋಡಬೇಕು ಅಂದ್ರೆ ಅವರ ಫೋಟೋಗಳ ಮುಂದೆ ಹೋಗಿ ನಿಲ್ಲಬೇಕು, ಅದಕ್ಕೆ.

ದೀನ್ ದಯಾಳ್ ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧನಾದಲ್ಲಿ. ಬೇಗಂ ಸಮ್ರು ಕಟ್ಟಿಸಿದ ದೊಡ್ಡ ಚರ್ಚಿಗೆ ಹೆಸರಾದ ಊರು ಅದು. ಓದಿದ್ದು ರೂರ್ಕಿಯ ಥಾಮಸನ್ ಕಾಲೇಜ್ ಆಫ್ ಸಿವಿಲ್ ಎಂಜಿನಿಯರಿಂಗ್‌ನಲ್ಲಿ. ಹೌದು, ಈಗಿನ ಐಐಟಿ ರೂರ್ಕಿಯೇ. ಗಂಗಾ ಕಾಲುವೆ ತೋಡೋಕೆ ಬ್ರಿಟಿಷರಿಗೆ ಓವರ್‌ಸಿಯರುಗಳು, ಸರ್ವೇಯರುಗಳು ಬೇಕಾಗಿದ್ದರು. ಅದಕ್ಕೇ 1847ರಲ್ಲಿ ಆ ಕಾಲೇಜು ಶುರುವಾಯ್ತು. ಸೋಲಾನಿ ನದಿಯ ಮೇಲೆ ಕಾಲುವೆಯನ್ನು ದಾಟಿಸಿದ ಮೇಲ್ಗಾಲುವೆ ಅದೇ ಊರಿನಲ್ಲಿದೆ. ನದಿಯ ಮೇಲೆ ಇನ್ನೊಂದು ನದಿ ಹರಿಯೋದನ್ನು ನೋಡುತ್ತಾ ಡ್ರಾಯಿಂಗ್ ಕಲಿತ ಹುಡುಗನಿಗೆ ಕಟ್ಟಡ ಅಂದ್ರೆ ಬರೀ ಚಂದದ ವಸ್ತು ಆಗಿ ಉಳಿಯೋದಿಲ್ಲ ಅಂತ ನನಗನಿಸುತ್ತೆ. ಪ್ಲಾನ್, ಎಲಿವೇಶನ್, ಸೆಕ್ಷನ್ ಮೂರೂ ಒಟ್ಟಿಗೇ ಕಾಣೋಕೆ ಶುರುವಾಗುತ್ತೆ.

ಇಂದೋರಿನಲ್ಲಿ ಕೆಲಸಕ್ಕೆ ಸೇರಿ ಏಳೆಂಟು ವರ್ಷ ಆದಮೇಲೆ, 1874ರ ಸುಮಾರಿಗೆ, ದೀನ್ ದಯಾಳ್ ಕ್ಯಾಮೆರಾ ಹಿಡಿದರು. ಮೊದಮೊದಲು ಅದೊಂದು ಹವ್ಯಾಸ. ಇಂದೋರಿನ ಮಹಾರಾಜ ಎರಡನೇ ತುಕೋಜಿರಾವ್ ಹೋಳ್ಕರ್ ಮತ್ತು ಮಧ್ಯ ಭಾರತದ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಸರ್ ಹೆನ್ರಿ ಡೇಲಿ ಬೆನ್ನಿಗೆ ನಿಂತರು. 1875–76ರಲ್ಲಿ ಇಂಗ್ಲೆಂಡಿನ ಯುವರಾಜ ಭಾರತಕ್ಕೆ ಬಂದಾಗ ಆ ಪ್ರವಾಸದ ಫೋಟೋ ತೆಗೆಯೋ ಅವಕಾಶವೂ ಸಿಕ್ಕಿತು. ಹಗಲು ಆಫೀಸು, ಸಿಕ್ಕಿದ ಬಿಡುವಿನಲ್ಲಿ ಗಾಜಿನ ಪ್ಲೇಟು. ಹೀಗೇ ಹತ್ತು ವರ್ಷ ನಡೀತು.

ಆಗ ಫೋಟೋ ತೆಗೆಯೋದು ಅಂದ್ರೆ ಏನು ಅಂತ ಇಲ್ಲಿ ಸ್ವಲ್ಪ ನಿಂತು ನೋಡೋಣ. ನಮಗೆ ಫೋನ್ ಎತ್ತಿ ಒತ್ತಿದರೆ ಆಯ್ತು. ಅವರ ಆರಂಭದ ದಿನಗಳಲ್ಲಿ ಚಾಲ್ತಿಯಲ್ಲಿದ್ದದ್ದು ವೆಟ್ ಕೊಲೋಡಿಯನ್ ವಿಧಾನ. ಮೊದಲು ಗಾಜಿನ ಪ್ಲೇಟನ್ನು ಒಂದು ಕಲೆಯೂ ಇಲ್ಲದ ಹಾಗೆ ಒರೆಸಬೇಕು. ಈಥರ್ ಮತ್ತು ಆಲ್ಕೊಹಾಲ್‌ನಲ್ಲಿ ಕರಗಿಸಿದ ಕೊಲೋಡಿಯನ್ ಅನ್ನೋ ಅಂಟು ದ್ರವವನ್ನು ಅದರ ಮೇಲೆ ಸುರಿದು, ಪ್ಲೇಟನ್ನು ನಾಲ್ಕೂ ಮೂಲೆಗೆ ಓಲಾಡಿಸಿ ಒಂದೇ ಸಮ ಹರಡಬೇಕು. ಆಮೇಲೆ ಕತ್ತಲಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಕೊಲೋಡಿಯನ್‌ನಲ್ಲಿರೋ ಅಯೋಡೈಡ್ ಜೊತೆ ಬೆಳ್ಳಿ ಸೇರಿ ಬೆಳಕಿಗೆ ಸ್ಪಂದಿಸೋ ಸಿಲ್ವರ್ ಅಯೋಡೈಡ್ ಆಗುತ್ತೆ. ಆ ಒದ್ದೆ ಪ್ಲೇಟನ್ನೇ ಕ್ಯಾಮೆರಾಗೆ ಹಾಕಿ, ಬೆಳಕು ಬಿಟ್ಟು, ಓಡಿ ಬಂದು ಡೆವಲಪ್ ಮಾಡಿ, ಫಿಕ್ಸ್ ಮಾಡಬೇಕು. ಪ್ಲೇಟು ಒಣಗಿತೋ, ಕೆಟ್ಟಿತು. ಸಿಗೋದು ಹೆಚ್ಚೆಂದರೆ ಹತ್ತು ಹದಿನೈದು ನಿಮಿಷ. ಬುಂದೇಲಖಂಡದ ಬೇಸಿಗೆಯಲ್ಲಿ ಈಥರ್ ಎಷ್ಟು ಬೇಗ ಆರಿಹೋಗುತ್ತೆ ಅಂತ ಕೆಮಿಸ್ಟ್ರಿ ಲ್ಯಾಬ್ ನೆನಪಿರೋರು ಊಹಿಸಬಹುದು.

ಅಂದ್ರೆ ಡಾರ್ಕ್‌ರೂಮು ಕ್ಯಾಮೆರಾದ ಪಕ್ಕದಲ್ಲೇ ಇರಬೇಕು. ದೇವಸ್ಥಾನದ ಮುಂದೆ ಕಪ್ಪು ಡೇರೆ, ಒಳಗೆ ಬಾಟಲಿಗಳು, ಟ್ರೇಗಳು, ತೊಳೆಯೋಕೆ ಶುದ್ಧ ನೀರು. ಜೊತೆಗೆ ಸಣ್ಣ ಪೆಟ್ಟಿಗೆಯಷ್ಟು ದೊಡ್ಡ ಕ್ಯಾಮೆರಾ. ಅದು ದೊಡ್ಡದಾಗಿರಲೇಬೇಕಿತ್ತು, ಯಾಕಂದ್ರೆ ನೆಗೆಟಿವನ್ನು ಹಿಗ್ಗಿಸಿ ಪ್ರಿಂಟ್ ಹಾಕೋ ಪದ್ಧತಿ ಆಗ ಬಳಕೆಯಲ್ಲಿ ಇರಲಿಲ್ಲ ಅಂತಲೇ ಹೇಳಬಹುದು. ಮೊಟ್ಟೆಯ ಬಿಳಿ ಲೋಳೆ ಬಳಿದ ಕಾಗದವನ್ನು ನೆಗೆಟಿವ್‌ಗೆ ಒತ್ತಿ ಹಿಡಿದು ಬಿಸಿಲಿಗೆ ಇಡುತ್ತಿದ್ದರು. ಪ್ಲೇಟು ಎಷ್ಟಗಲವೋ ಚಿತ್ರವೂ ಅಷ್ಟಗಲ. ಒಂದೊಂದು ಗಾಜೂ ಭಾರ, ಒಂದೊಂದೂ ಒಡೆಯುವಂಥದ್ದು. ರೈಲು ಇದ್ದಲ್ಲಿಗೆ ರೈಲು, ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿ, ಆಮೇಲೆ ಆಳುಗಳ ತಲೆ. ಮುಂದೆ 1880ರ ದಶಕದಲ್ಲಿ ಮೊದಲೇ ತಯಾರಾಗಿ ಬರುವ ಒಣ ಜೆಲಾಟಿನ್ ಪ್ಲೇಟುಗಳು ಬಂದು ಈ ಸರ್ಕಸ್ ಕಮ್ಮಿಯಾಯ್ತು, ನಿಜ. ಆದರೆ ಗಾಜಿನ ಭಾರ ಕಮ್ಮಿಯಾಗಲಿಲ್ಲ.

1880ರ ದಶಕದ ಮೊದಲ ವರ್ಷಗಳಲ್ಲಿ ಡೇಲಿಯ ಸ್ಥಾನಕ್ಕೆ ಬಂದಿದ್ದ ಸರ್ ಲೆಪೆಲ್ ಗ್ರಿಫಿನ್ ಬುಂದೇಲಖಂಡದ ಪ್ರವಾಸಕ್ಕೆ ಹೊರಟರು. ಅಲ್ಲಿನ ಹಳೆಯ ಕಟ್ಟಡಗಳನ್ನು ಚಿತ್ರಿಸೋಕೆ ದೀನ್ ದಯಾಳರನ್ನು ಜೊತೆಗೆ ಕರೆದರು. ಗ್ವಾಲಿಯರ್ ಕೋಟೆ, ಓರ್ಛಾ ಮತ್ತು ದತಿಯಾದ ಅರಮನೆಗಳು, ಖಜುರಾಹೊದ ದೇವಾಲಯಗಳು, ಸಾಂಚಿಯ ಸ್ತೂಪ. ಈ ಚಿತ್ರಗಳು 1886ರಲ್ಲಿ ಮಧ್ಯ ಭಾರತದ ಪ್ರಸಿದ್ಧ ಸ್ಮಾರಕಗಳು ಎಂಬ ಅರ್ಥದ ಇಂಗ್ಲಿಷ್ ಹೆಸರಿನಲ್ಲಿ ದೊಡ್ಡ ಸಂಪುಟವಾಗಿ ಹೊರಬಂದವು. ದೀನ್ ದಯಾಳರ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ ಭಾಗ. ಮುಂದೆ ಅವರಿಗೆ ಬಿರುದು ತಂದುಕೊಟ್ಟ ರಾಜಮಹಾರಾಜರ ಫೋಟೋಗಳು ಇದರ ಮುಂದೆ ನನಗೆ ಸಪ್ಪೆ.

ಕಾರಣ ಹೇಳ್ತೀನಿ. ಎತ್ತರದ ಗೋಪುರದ ಬುಡದಲ್ಲಿ ನಿಂತು ಫೋನನ್ನು ಮೇಲಕ್ಕೆ ಓರೆ ಮಾಡಿ ಕ್ಲಿಕ್ಕಿಸಿ ನೋಡಿ. ಗೋಪುರ ಹಿಂದಕ್ಕೆ ಬೀಳ್ತಿರೋ ಹಾಗೆ ಕಾಣುತ್ತೆ, ಸಮಾನಾಂತರ ಇರಬೇಕಾದ ಗೆರೆಗಳು ಮೇಲೆ ಹೋಗ್ತಾ ಒಂದಕ್ಕೊಂದು ಹತ್ತಿರ ಬರುತ್ತವೆ. ಡ್ರಾಫ್ಟ್ಸ್‌ಮನ್ ಕಣ್ಣಿಗೆ ಅದು ಸಹಿಸೋಕಾಗದ ತಪ್ಪು. ಆ ಕಾಲದ ಕ್ಯಾಮೆರಾದಲ್ಲಿ ಇದಕ್ಕೆ ಎರಡು ದಾರಿ ಇದ್ದವು. ಕ್ಯಾಮೆರಾದ ಹಿಂಬದಿಯನ್ನು ನೆಟ್ಟಗೆ ಇಟ್ಟು ಲೆನ್ಸಿನ ಹಲಗೆಯನ್ನಷ್ಟೇ ಮೇಲಕ್ಕೆ ಸರಿಸೋದು ಒಂದು. ಎದುರಿಗೆ ಎತ್ತರದ ಜಾಗ ಹುಡುಕಿ, ಇಡೀ ಸಾಮಾನನ್ನು ಅಲ್ಲಿಗೆ ಹೊರಿಸೋದು ಇನ್ನೊಂದು. ದೀನ್ ದಯಾಳರ ಖಜುರಾಹೊ ಚಿತ್ರಗಳಲ್ಲಿ ಕಂದರಿಯಾ ಮಹಾದೇವನ ಶಿಖರ ತೂಗುಗುಂಡು ಬಿಟ್ಟ ಹಾಗೆ ನೆಟ್ಟಗೆ ನಿಂತಿದೆ. ಗಾಜಿನ ಪರದೆಯ ಮೇಲೆ ಚಿತ್ರ ತಲೆಕೆಳಗಾಗಿ ಕಾಣುತ್ತೆ ಅನ್ನೋದನ್ನೂ ಮರೀಬೇಡಿ. ತಲೆಕೆಳಗಾದ ದೇವಸ್ಥಾನವನ್ನು ನೋಡಿಕೊಂಡು, ಕಪ್ಪು ಬಟ್ಟೆಯೊಳಗೆ ಬೆವರುತ್ತಾ, ಅವರು ಈ ಲೆಕ್ಕ ಹಾಕ್ತಿದ್ದರು.

ಅನೇಕ ಚಿತ್ರಗಳ ಮೂಲೆಯಲ್ಲೋ ಮೆಟ್ಟಿಲ ಮೇಲೋ ಒಬ್ಬ ಮನುಷ್ಯ ನಿಂತೋ ಕೂತೋ ಇರ್ತಾನೆ. ಅವನು ಅಲ್ಲಿರೋದು ಅಳತೆಗೆ. ಡ್ರಾಯಿಂಗ್ ಶೀಟಿನಲ್ಲಿ ನಾವು ಸ್ಕೇಲ್ ಬರೆಯೋ ಹಾಗೆ. ಆಳೋ, ಊರವನೋ, ಪೂಜಾರಿಯೋ, ಹೆಸರಿಲ್ಲ. ಒಂದೆರಡು ಸೆಕೆಂಡು ಅಲ್ಲಾಡಬೇಡ ಅಂತ ಹೇಳಿರ್ತಾರೆ. ಅಲ್ಲಾಡಿದವರು ಮಸುಕಾಗಿ ದೆವ್ವದ ಹಾಗೆ ಉಳಿದಿದ್ದಾರೆ. ಆ ಹಳೆಯ ಪ್ಲೇಟುಗಳು ಆಕಾಶದ ನೀಲಿಯನ್ನು ವಿಪರೀತ ಹೀರಿಕೊಳ್ಳುತ್ತಿದ್ದುದರಿಂದ ಮೋಡ ಹಿಡಿಯೋಕೆ ಆಗ್ತಿರಲಿಲ್ಲ. ಹಾಗಾಗಿ ಎಲ್ಲ ದೇವಸ್ಥಾನಗಳ ಹಿಂದೆಯೂ ಖಾಲಿ ಬಿಳಿ ಆಕಾಶ.

ಸಾಂಚಿಯ ವಿಷಯ ಬೇರೆಯೇ. 1881ರಿಂದ 83ರ ನಡುವೆ ಮೇಜರ್ ಕೋಲ್ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಅಲ್ಲಿ ಬಿದ್ದುಹೋಗಿದ್ದ ತೋರಣಗಳನ್ನು ಎತ್ತಿ ನಿಲ್ಲಿಸೋ ಕೆಲಸ ನಡೀತು. ಸ್ತೂಪದ ಒಡಲನ್ನೂ ಆಗ ದುರಸ್ತಿ ಮಾಡಿದರು. ನಾವು ಈಗ ಟಿಕೆಟ್ ತಗೊಂಡು ನೋಡೋ ನುಣುಪಾದ ಸಾಂಚಿ, ಅಲ್ಲಿಂದ ಮುಂದೆ ಹಂತಹಂತವಾಗಿ ರಿಪೇರಿಯಾದ ಸಾಂಚಿ. ಸ್ಮಾರಕ ಉಳಿಸೋ ಕೆಲಸ ಮಾಡೋರಿಗೆ ಆ ದಶಕದ ಒಂದೊಂದು ಫೋಟೋವೂ ಸೈಟ್ ರೆಕಾರ್ಡ್. ಯಾವ ಕಲ್ಲು ಎಲ್ಲಿತ್ತು, ಯಾವುದು ಆಮೇಲೆ ಬಂತು ಅನ್ನೋದಕ್ಕೆ ಸಾಕ್ಷಿ ಬೇಕಲ್ಲ. ಸರ್ಕಾರ ಇದನ್ನೆಲ್ಲ ಮಾಡಿಸಿದ್ದು ಭಕ್ತಿಯಿಂದಲ್ಲ. ಆಳೋ ದೇಶದಲ್ಲಿ ಏನೇನಿದೆ ಅಂತ ಪಟ್ಟಿ ಮಾಡಿಟ್ಟುಕೊಳ್ಳೋದು ಆಡಳಿತದ ಒಂದು ಭಾಗ. ಆದರೆ ಆ ಪಟ್ಟಿಯನ್ನು ತುಂಬಿದ ಕಣ್ಣು ಇಲ್ಲಿಯದೇ ಆಗಿತ್ತು. ಗ್ವಾಲಿಯರಿನ ಬಂಡೆಯಲ್ಲಿ ಕೊರೆದ ತೀರ್ಥಂಕರರು ಜೈನ ಮನೆಯಲ್ಲಿ ಬೆಳೆದವರಿಗೆ ಬರೀ ಪುರಾತತ್ತ್ವ ಆಗಿರೋಕೆ ಸಾಧ್ಯವಿಲ್ಲ.

ಈಗ ಅವರಿಗೆ ನಲವತ್ತು ದಾಟಿದೆ. ಹತ್ತಿರ ಹತ್ತಿರ ಇಪ್ಪತ್ತು ವರ್ಷದ ಸರ್ವಿಸ್. ನಮ್ಮಲ್ಲಿ ಯಾರಾದರೂ ಆ ವಯಸ್ಸಿಗೆ ಹೀಗೆ ಮಾಡ್ತೀನಿ ಅಂದ್ರೆ ಮನೆಯಲ್ಲಿ ಏನಂತಾರೋ! ದೀನ್ ದಯಾಳ್ ಮೊದಲು ದೀರ್ಘ ರಜೆ ಹಾಕಿದರು, ಆಮೇಲೆ ನೌಕರಿಯನ್ನೇ ಬಿಟ್ಟರು. 1885ರಲ್ಲಿ ವೈಸ್‌ರಾಯರ ಛಾಯಾಗ್ರಾಹಕ ಅನ್ನೋ ನೇಮಕ ಸಿಕ್ಕಿತ್ತು. ಹೈದರಾಬಾದಿನ ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಅವರ ಆಸ್ಥಾನದ ಬಾಗಿಲೂ ತೆರೆಯಿತು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ಎದ್ದಿತು. 1892ರಲ್ಲಿ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದರು. ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಇಂಗ್ಲಿಷ್ ಮಹಿಳೆ. ಗಂಡಸರ ನೆರಳೂ ಬೀಳದ ಹಾಗೆ ಫೋಟೋ ತೆಗೆಸಿಕೊಳ್ಳೋ ವ್ಯವಸ್ಥೆ. 1894ರಲ್ಲಿ ನಿಜಾಮರು ರಾಜಾ ಬಹದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು. ಮುಸವ್ವಿರ್ ಅಂದ್ರೆ ಚಿತ್ರಕಾರ. 1896ರಲ್ಲಿ ಬಾಂಬೆಯಲ್ಲೂ ಸ್ಟುಡಿಯೋ. ವಿಕ್ಟೋರಿಯಾ ರಾಣಿಯ ಮನ್ನಣೆ, 1893ರ ಷಿಕಾಗೋ ಪ್ರದರ್ಶನದಲ್ಲಿ ಪ್ರಶಸ್ತಿ, ಎಲ್ಲ ಬಂತು. ಕರ್ಜನ್ ದಂಪತಿ 1902ರಲ್ಲಿ ಸತ್ತ ಹುಲಿಯ ಹಿಂದೆ ನಿಂತ ಚಿತ್ರ ನೀವೂ ಎಲ್ಲೋ ನೋಡಿರ್ತೀರಿ, ಅದು ಇವರ ಸ್ಟುಡಿಯೋದ್ದೇ.

ನಿಜಾಮರ ಸಂಸ್ಥಾನ ಅಂದ್ರೆ ಆಗ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ ಎಲ್ಲ ಸೇರಿ. ಎಲ್ಲೋರಾ, ಅಜಂತಾ ಕೂಡ ಅದರಲ್ಲೇ. ಎಲ್ಲೋರಾದ ಕೈಲಾಸ ದೇವಾಲಯ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು. ಅದೇ ವಂಶ ಮುಂದೆ ನಮ್ಮ ಮಳಖೇಡದಿಂದ ಆಳಿತು. ಕಟ್ಟದೆ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿದು ತೆಗೆದ ದೇವಸ್ಥಾನ ಅದು. ಅಂಗಳದಲ್ಲಿ ನಿಂತರೆ ಅದರ ಗಾತ್ರ ತಿಳಿಯೋದೇ ಇಲ್ಲ, ಹಿಂದೆ ಸರಿಯೋಣ ಅಂದ್ರೆ ಬೆನ್ನಿಗೆ ಬಂಡೆ. ಸುತ್ತಲಿನ ಬಂಡೆಯಂಚಿಗೆ ಹತ್ತಿ ಕೆಳಗೆ ನೋಡಿದಾಗಲೇ ಎಷ್ಟು ಕಲ್ಲನ್ನು ಹೊರಗೆ ಹಾಕಿದ್ದಾರೆ ಅನ್ನೋ ಎಸ್ಟಿಮೇಟ್ ಕಣ್ಣಿಗೆ ಕಾಣೋದು. ದೀನ್ ದಯಾಳ್ ಚಿತ್ರಿಸಿದ ಎಲ್ಲೋರಾ ನೋಡುವಾಗ ಹಳೆಯ ಕೆಲಸದ ಆ ಪದ ನನ್ನ ಮನಸ್ಸಿಗೆ ಬಂದೇ ಬರುತ್ತೆ.

ದರ್ಬಾರು, ಬೇಟೆ, ಫಲಕ್‌ನುಮಾ ಅರಮನೆಯ ಝೂಮರ್‌ಗಳು, ಇವೆಲ್ಲ ಒಂದು ಕಡೆ. ಇನ್ನೊಂದು ಕಡೆ 1899–1900ರ ಭೀಕರ ಬರ. ಸಂಸ್ಥಾನದ ಔರಂಗಾಬಾದ್ ಸೀಮೆಯಲ್ಲಿ ನಡೆದ ಪರಿಹಾರ ಕೆಲಸಗಳನ್ನೂ ಇದೇ ಸ್ಟುಡಿಯೋ ಚಿತ್ರಿಸಿತು. ಈ ಫೋಟೋಗಳನ್ನು ನೋಡೋದು ಕಷ್ಟ. ಹಸಿದವರು ಸಾಲಾಗಿ ಕೂತಿದ್ದಾರೆ, ಅವರ ಸುತ್ತ ಅಧಿಕಾರಿಗಳು ನಿಂತಿದ್ದಾರೆ, ಎಲ್ಲ ಒಪ್ಪವಾಗಿದೆ. ಆ ಒಪ್ಪವೇ ಹಿಂಸೆ ಕೊಡುತ್ತೆ. ಸರ್ಕಾರ ಏನು ಮಾಡ್ತಿದೆ ಅಂತ ತೋರಿಸೋ ಚಿತ್ರಗಳು ಅವು, ಕಾಮಗಾರಿ ವರದಿಗೆ ಅಂಟಿಸೋ ಫೋಟೋ ಹಾಗೆ. ಹಣ ಕೊಟ್ಟವರು ಹೇಳಿದ್ದನ್ನು ದೀನ್ ದಯಾಳ್ ತೆಗೆದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ದೊಡ್ಡ ಪ್ಲೇಟು ಎದುರಿಗಿದ್ದದ್ದನ್ನೆಲ್ಲ ಬರೆದುಕೊಳ್ಳುತ್ತೆ, ಯಾರು ಹಣ ಕೊಟ್ಟರು ಅಂತ ಕೇಳೋದಿಲ್ಲ. ಪಕ್ಕೆಲುಬು ಎಣಿಸಬಹುದಾದಷ್ಟು ಸ್ಪಷ್ಟವಾಗಿ ಆ ಜನ ಅಲ್ಲಿ ಉಳಿದುಬಿಟ್ಟಿದ್ದಾರೆ. ಅಧಿಕಾರಿಯನ್ನು ನೋಡಲಿ ಅಂತ ತೆಗೆದ ಚಿತ್ರದಲ್ಲಿ ನಾವು ಅಧಿಕಾರಿಯನ್ನು ನೋಡೋದೇ ಇಲ್ಲ.

ಕೊನೆಯ ವರ್ಷಗಳು ಸುಖದ್ದಲ್ಲ. ಅಷ್ಟು ದೊಡ್ಡ ಸ್ಟುಡಿಯೋಗಳನ್ನು ನಡೆಸೋದು ಸುಲಭವಿರಲಿಲ್ಲ. ಅಷ್ಟರಲ್ಲಿ ಸುಲಭವಾಗಿ ಕೈಯಲ್ಲಿ ಹಿಡಿಯೋ ಕ್ಯಾಮೆರಾಗಳು ಬಂದು, ಹಣವಂತರು ತಮ್ಮ ಫೋಟೋ ತಾವೇ ತೆಗೆದುಕೊಳ್ಳೋಕೆ ಶುರುಮಾಡಿದ್ದರು. ವ್ಯವಹಾರದಲ್ಲಿ ಜೊತೆಗಿದ್ದ ಮಗ ಧರಮ್ ಚಂದ್ 1904ರಲ್ಲಿ ತೀರಿಕೊಂಡರು. ಮರುವರ್ಷ, 1905ರ ಜುಲೈ 5ರಂದು ದೀನ್ ದಯಾಳ್ ಹೋದರು. ಇನ್ನೊಬ್ಬ ಮಗ ಗ್ಯಾನ್ ಚಂದ್ ಹೈದರಾಬಾದಿನಲ್ಲಿ ಸ್ಟುಡಿಯೋ ಮುಂದುವರಿಸಿದರು.

ಮನೆಯವರ ಹತ್ತಿರ ಉಳಿದಿದ್ದ ನೆಗೆಟಿವ್‌ಗಳಲ್ಲಿ 2,857 ಗಾಜಿನ ಪ್ಲೇಟುಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಕೊಂಡುಕೊಂಡಿತು. 2006ರಲ್ಲಿ ಅಂಚೆ ಇಲಾಖೆ ಅವರ ಹೆಸರಲ್ಲಿ ಒಂದು ಸ್ಟಾಂಪ್ ತಂದಿತು. ಅವರ ಹಳೆಯ ಪ್ರಿಂಟುಗಳು ಎಲ್ಲಾದರೂ ನೋಡೋಕೆ ಸಿಕ್ಕಿದರೆ ಕೆಳಗಿನ ಅಂಚನ್ನು ಗಮನಿಸಿ. ಎಷ್ಟೋ ಚಿತ್ರಗಳಲ್ಲಿ ನೆಗೆಟಿವ್ ಮೇಲೆಯೇ ಬರೆದ ಒಂದು ನಂಬರ್ ಇದೆ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಲಾಲಾ ದೀನ್ ದಯಾಳ್ ಅಂತ ಹೆಸರು. ಡ್ರಾಯಿಂಗ್ ಶೀಟಿನ ಟೈಟಲ್ ಬ್ಲಾಕ್ ಇದ್ದ ಹಾಗೆ.