ಶರಣ ಹೆಂಡದ ಮಾರಯ್ಯನವರು

12ನೆಯ ಶತಮಾನದ ಶರಣ ಮಾರಯ್ಯನವರ ಕಾಯಕ ಹೆಂಡ ಮಾರುವುದು. ಲೋಕ ಮೂಗು ಮುರಿಯುವ ಕಸುಬಿನವರನ್ನೂ ಶರಣಸಂಕುಲ ದೂರವಿಡಲಿಲ್ಲ. ಧರ್ಮೇಶ್ವರಲಿಂಗ ಅಂಕಿತದ ಅವರ 12 ವಚನಗಳು ದೊರೆತಿವೆ. ಅಂಗಡಿಯ ಹೆಂಡದ ಮಾತೇ ಅಲ್ಲಿ ಅನುಭಾವದ ಮಾತಾಗಿದೆ.

ಕರಾವಳಿಯಲ್ಲಿ ಕಂಡದ್ದು ಬೇರೊಂದು ದಾರಿ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಶಿವಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು, ಕಳ್ಳಿನ ಕಸುಬನ್ನೇ ಬಿಡುವಂತೆ ಅನುಯಾಯಿಗಳಿಗೆ ಬೋಧಿಸಿದರು. ಮಾರಯ್ಯನವರು ಕಸುಬಿನೊಳಗಿದ್ದೇ ಶಿವನನ್ನು ಕಂಡರು. ಗುರುಗಳು ಕಸುಬು ಬಿಡಿಸಿ ಶಿವನನ್ನು ತೋರಿದರು. ಮನುಷ್ಯನನ್ನು ಮಾತ್ರ ಇಬ್ಬರೂ ಹಳಿಯಲಿಲ್ಲ.

ಚಾರ್ಮಾಡಿ ಘಟ್ಟದ ಕೆಳಗೆ, ಧರ್ಮಸ್ಥಳದ ಆಶ್ರಯದ ಮದ್ಯವರ್ಜನ ಶಿಬಿರಗಳೂ ಕುಡುಕನನ್ನು ಬಳಿಯಲ್ಲಿ ಕೂರಿಸಿಕೊಂಡೇ ತಿದ್ದುತ್ತವೆ. ಕುಡಿತ ಮನೆ ಮುರಿಯುತ್ತದೆ, ನಿಜ. ಕುಡಿದವನನ್ನು ಅಂಗಳದಾಚೆ ನೂಕಿದರೆ ಮುರಿದ ಮನೆ ಕೂಡೀತೇ? ಕುಡಿತ ಬಿಡಿಸಿರಿ, ಕುಡಿದವನ ಕೈ ಬಿಡಬೇಡಿರಿ.