ಸಿಕಂದರ್ ಬಾಗಿನ ಅಸ್ಥಿಗಳೂ ಫೆಲೀಚೆ ಬಿಯಾಟೋನೂ

1857ನೆಯ ಇಸವಿಯ ಸ್ವಾತಂತ್ರ್ಯ ಸಮರವನ್ನು ಕುರಿತ ಗ್ರಂಥಗಳಲ್ಲಿ ಒಂದು ಚಿತ್ರವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಗುಂಡಿನ ಪೆಟ್ಟಿನಿಂದ ಜರ್ಜರಿತವಾದ ಕಂಬಸಾಲಿನ ಒಂದು ಕಟ್ಟಡ. ಅದರ ಮುಂದೆ ಅಂಗಳದ ತುಂಬ ಚೆದರಿದ ತಲೆಬುರುಡೆಗಳು, ಎಲುಬುಗಳು. ಹಿಂದೆ ಒಂದು ಕುದುರೆ ಮತ್ತು ಕೆಲವರು ಭಾರತೀಯರು. ಇದು ಲಕ್ನೋ ನಗರದ ಸಿಕಂದರ್ ಬಾಗು. ಚಿತ್ರವನ್ನು ತೆಗೆದವನು ಫೆಲೀಚೆ ಬಿಯಾಟೋ. ಯುದ್ಧವಾರ್ತೆಯನ್ನು ಛಾಯಾಚಿತ್ರದ ಮೂಲಕ ಲೋಕಕ್ಕೆ ತಿಳಿಸಿದವರಲ್ಲಿ ಆದ್ಯನೆನಿಸಿದ ಈತನ ಚರಿತ್ರೆಯನ್ನು ನಮ್ಮವರು ಅರಿತಿರುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.

ಬಿಯಾಟೋನು 1832ರಲ್ಲಿ ವೆನಿಸ್ ನಗರದಲ್ಲಿ ಜನಿಸಿದನು. ಕಾನ್ಸ್ಟಾಂಟಿನೋಪಲಿನ ಟಂಕಸಾಲೆಯಲ್ಲಿ ಮುಖ್ಯ ಕೆತ್ತನೆಗಾರನಾಗಿದ್ದ ಜೇಮ್ಸ್ ರಾಬರ್ಟ್ಸನ್ ಎಂಬಾತನು ಇವನ ಸೋದರಿಯನ್ನು ವಿವಾಹವಾದನು. ಭಾವಮೈದುನರಿಬ್ಬರೂ ಕೂಡಿ ಕ್ರಿಮಿಯಾ ಯುದ್ಧದಲ್ಲಿ ಹಾಳಾದ ಸೆಬಾಸ್ಟೊಪೋಲಿನ ಚಿತ್ರಗಳನ್ನು ತೆಗೆದರು. ಅದೇ ಯುದ್ಧಕ್ಕೆ ಹೋಗಿದ್ದ ರೋಜರ್ ಫೆಂಟನ್ನನ ಚಿತ್ರಗಳಲ್ಲಿ ದಂಡಿನ ಗುಡಾರಗಳುಂಟು, ಅಧಿಕಾರಿಗಳುಂಟು, ಹೆಣಗಳಿಲ್ಲ. ಆ ಸಂಕೋಚವನ್ನು ಬಿಯಾಟೋನು ಮುಂದೆ ತೊರೆದನು. ಆದರೆ ಯಾರ ಹೆಣಗಳ ವಿಷಯದಲ್ಲಿ ತೊರೆದನೆಂಬುದನ್ನು ಗಮನಿಸಬೇಕು.

1858ರ ಫೆಬ್ರವರಿಯಲ್ಲಿ ಆತನು ಕಲ್ಕತ್ತೆಗೆ ಬಂದಿಳಿದು, ಲಕ್ನೋ, ಕಾನಪುರ, ದಿಲ್ಲಿಗಳನ್ನು ಸುತ್ತಿದನು. ಸಿಕಂದರ್ ಬಾಗಿನಲ್ಲಿ ಸುಮಾರು 2000 ಮಂದಿ ಭಾರತೀಯ ಯೋಧರು ಹತರಾದದ್ದು 1857ರ ನವೆಂಬರಿನಲ್ಲಿ. ಬಿಯಾಟೋನು ಅಲ್ಲಿಗೆ ಬರುವ ವೇಳೆಗೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಸಂದಿತ್ತು. ಚಿತ್ರಕ್ಕಾಗಿಯೇ ಅಸ್ಥಿಗಳನ್ನು ಹೊರಗೆ ತೆಗೆಸಲಾಯಿತೆಂದು ಆಗ ಅಲ್ಲಿದ್ದ ಒಬ್ಬ ಆಂಗ್ಲೇಯ ಅಧಿಕಾರಿಯೇ ಬರೆದಿಟ್ಟಿದ್ದಾನೆ. ಹಾಗಾದರೆ ಚಿತ್ರವು ಸುಳ್ಳೇ? ಸುಳ್ಳೆನ್ನಲು ನಾವು ಒಪ್ಪುವುದಿಲ್ಲ. ಅಂಗಳದಲ್ಲಿ ಎಲುಬುಗಳು ಬಿದ್ದ ಕ್ರಮವು ಕೃತಕವಾಗಿರಬಹುದು, ಕೊಲೆಯು ಕೃತಕವಲ್ಲ. ವಿಜೇತರ ಶೌರ್ಯವನ್ನು ಕೊಂಡಾಡುವ ಗಿರಾಕಿಗಳಿಗಾಗಿ ಸಿದ್ಧವಾದ ಚಿತ್ರವು ಇಂದು ಅವರ ಮೇಲೆಯೇ ಸಾಕ್ಷಿ ಹೇಳುತ್ತಿದೆ. ಲಕ್ನೋದಲ್ಲಿ ನೇಣುಗಂಬದಲ್ಲಿ ತೂಗುತ್ತಿದ್ದ ಸಿಪಾಯಿಗಳನ್ನೂ ಆತನು ಚಿತ್ರಿಸಿದ್ದಾನೆ. ಅದನ್ನು ನೋಡುವಾಗ ಕಣ್ಣು ತಾನಾಗಿ ಬೇರೆಡೆಗೆ ತಿರುಗುತ್ತದೆ.

ಒಂದು ಮಾತನ್ನು ನ್ಯಾಯದೃಷ್ಟಿಯಿಂದ ಹೇಳಬೇಕು. ಆ ಕಾಲದ ಗಾಜಿನ ಫಲಕಗಳ ಮೇಲೆ ಓಡುವ ಕುದುರೆಯನ್ನಾಗಲಿ ಸಿಡಿಯುವ ಫಿರಂಗಿಯನ್ನಾಗಲಿ ಹಿಡಿಯುವುದು ಸಾಧ್ಯವಿರಲಿಲ್ಲ. ಯುದ್ಧವು ಮುಗಿದ ಮೇಲೆ ಉಳಿದದ್ದೇ ಛಾಯಾಗ್ರಾಹಕನ ಪಾಲು; ಅಲುಗಾಡದೆ ಇರುವವರು ಸತ್ತವರೇ. ಪತ್ರಿಕೆಗಳೂ ಛಾಯಾಚಿತ್ರವನ್ನು ನೇರವಾಗಿ ಅಚ್ಚುಮಾಡಲಾರದೆ, ಅದನ್ನು ನೋಡಿ ಮರದ ಅಚ್ಚುಗಳನ್ನು ಕೆತ್ತಿಸುತ್ತಿದ್ದವು.

1860ರಲ್ಲಿ ಬಿಯಾಟೋನು ಆಂಗ್ಲ ಸೇನೆಯೊಡನೆ ಚೀನಕ್ಕೆ ಹೋದನು. ಆಗಸ್ಟ್ 21ರಂದು ಟಾಕು ಕೋಟೆಯು ಬಿದ್ದಾಗ, ತಾನು ಚಿತ್ರ ತೆಗೆಯುವವರೆಗೂ ಹೆಣಗಳನ್ನು ಕದಲಿಸಬಾರದೆಂದು ಉತ್ಸಾಹದಿಂದ ಬೇಡಿಕೊಂಡನೆಂದು ಸೇನೆಯ ವೈದ್ಯನೊಬ್ಬನು ದಾಖಲಿಸಿದ್ದಾನೆ. ಅಲ್ಲಿ ಆಂಗ್ಲೇಯರೂ ಸತ್ತಿದ್ದರು. ಚಿತ್ರಗಳಲ್ಲಿ ಕಾಣುವ ಹೆಣಗಳು ಚೀನೀಯರವು ಮಾತ್ರ. ಲಕ್ನೋದಲ್ಲಿ ಭಾರತೀಯರವು, ಟಾಕುವಿನಲ್ಲಿ ಚೀನೀಯರವು. ಇದನ್ನು ಆಕಸ್ಮಿಕವೆನ್ನುವವರೊಡನೆ ನಾವು ವಾದಿಸಲಾರೆವು.

1863ರಿಂದ ಆತನು ಜಪಾನಿನ ಯೊಕೊಹಾಮದಲ್ಲಿ ನೆಲೆಸಿ, ಕೈಯಿಂದ ಬಣ್ಣ ತುಂಬಿದ ಚಿತ್ರಗಳನ್ನು ಮಾರಿ ಕೀರ್ತಿಗಳಿಸಿದನು. 1866ರ ಅಗ್ನಿಪ್ರಮಾದದಲ್ಲಿ ಫಲಕಗಳೆಲ್ಲ ಸುಟ್ಟರೂ ಪುನಃ ತೊಡಗಿದನು. 1871ರಲ್ಲಿ ಅಮೆರಿಕದ ನೌಕಾಪಡೆಯೊಡನೆ ಕೊರಿಯಾಕ್ಕೂ ಹೋಗಿಬಂದನು. ಗಳಿಸಿದ ಹಣವನ್ನು ವಿನಿಮಯ ವ್ಯಾಪಾರದ ಸಟ್ಟಾದಲ್ಲಿ ಕಳೆದುಕೊಂಡು 1884ರಲ್ಲಿ ಬರಿಗೈಯಲ್ಲಿ ಜಪಾನನ್ನು ಬಿಟ್ಟನು. 1885ರಲ್ಲಿ ಸುಡಾನಿಗೆ ಧಾವಿಸಿದನಾದರೂ ತಲಪುವಷ್ಟರಲ್ಲಿ ಮುಖ್ಯ ಘಟನೆಗಳು ಮುಗಿದಿದ್ದವು. ಅನಂತರ, ಆಂಗ್ಲೇಯರು ಆಗತಾನೇ ನುಂಗಿದ್ದ ಬ್ರಹ್ಮದೇಶಕ್ಕೆ ಹೋಗಿ, ಮಂಡಾಲೆಯಲ್ಲಿ ಛಾಯಾಚಿತ್ರಗಳನ್ನೂ ಕುಶಲವಸ್ತುಗಳನ್ನೂ ಮಾರುವ ಅಂಗಡಿಯನ್ನಿಟ್ಟನು.

ಆತನು ಬ್ರಹ್ಮದೇಶದಲ್ಲಿಯೇ ತೀರಿಕೊಂಡನೆಂದು ಬಹುಕಾಲ ಪುಸ್ತಕಗಳು ಬರೆಯುತ್ತಿದ್ದವು. 1909ರ ಜನವರಿ 29ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಮಡಿದನೆಂಬುದು, ಮರಣಪತ್ರವು ದೊರೆತ ಬಳಿಕ, ಸರಿಸುಮಾರು ಒಂದು ಶತಮಾನ ಕಳೆದ ಮೇಲೆ ತಿಳಿದುಬಂದಿತು.