ಊರುಗಳ ವೈದ್ಯ ಪ್ಯಾಟ್ರಿಕ್ ಗೆಡ್ಡೆಸ್

ಹೋದ ವರ್ಷ ಅಷ್ಟಾದಶ ವರ್ಣನೆಗಳ ಪಾಠ ಮಾಡುತ್ತಿದ್ದಾಗ, ಪುರವರ್ಣನೆಯ ಮಾತು ಬಂದಲ್ಲಿ ನಾನು ಕಪ್ಪು ಹಲಗೆಯ ಮೇಲೆ ಗೆಡ್ಡೆಸ್ ಎಂದು ಬರೆದೆ. ಹಿಂದಿನ ಬೆಂಚುಗಳಿಂದ ನಗೆ ಕೇಳಿಸಿತು. ಕನ್ನಡದ ಕಿವಿಗೆ ಆ ಹೆಸರಿನಲ್ಲಿ ಸುವರ್ಣಗೆಡ್ಡೆ ನೆನಪಾಗದೆ ಇರದು. ಸಸ್ಯಶಾಸ್ತ್ರದಿಂದ ಬಾಳನ್ನು ಆರಂಭಿಸಿದ ಆ ಸ್ಕಾಟ್ಲೆಂಡಿನ ಮಹನೀಯರು ಕೇಳಿದ್ದರೆ ತಾವೂ ನಗುತ್ತಿದ್ದರೆಂದು ನನ್ನ ಎಣಿಕೆ.

ಕನ್ನಡದ ಅಧ್ಯಾಪಕನಿಗೂ ಪುರರಚನೆಯ ಪಂಡಿತನಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾನು ಬಾಲಕನಾಗಿದ್ದಾಗ ನಮ್ಮೂರ ಬೀದಿಯ ಮನೆಗಳ ಗೋಡೆಗಳ ಮೇಲೆ ಒಂದು ದಿನ ಕೆಂಪು ಬಣ್ಣದ ಗುರುತುಗಳು ಮೂಡಿದವು. ರಸ್ತೆ ಅಗಲವಾಗಬೇಕೆಂದು ಅಪ್ಪಣೆಯಾಗಿತ್ತು. ಆರು ತಿಂಗಳೊಳಗೆ ಜಗಲಿಗಳು ಹೋದವು, ಬೀದಿಯ ಬಾವಿ ಮುಚ್ಚಿತು, ಬೇವಿನ ಮರ ಉರುಳಿತು. ಮುಂಭಾಗ ಕತ್ತರಿಸಿಹೋದ ಮನೆಯಲ್ಲಿ ನನ್ನ ಅಜ್ಜಿ ಇನ್ನು ನಾಲ್ಕು ವರ್ಷ ಬದುಕಿದ್ದರು. ಸಂಜೆಯ ಹೊತ್ತು ಎಲ್ಲಿ ಕುಳಿತುಕೊಳ್ಳಬೇಕೆಂಬುದು ಮಾತ್ರ ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಬಹಳ ವರ್ಷಗಳ ಮೇಲೆ, ಒಂದು ಗ್ರಂಥಾಲಯದವರು ಬೇಡವೆಂದು ರಾಶಿ ಹಾಕಿದ್ದ ಪುಸ್ತಕಗಳ ನಡುವೆ, ಗೆಡ್ಡೆಸರ ಭಾರತದ ವರದಿಗಳಿಂದ ಆಯ್ದು 1947ರಲ್ಲಿ ಪ್ರಕಟಿಸಿದ್ದ ಸಂಪುಟವೊಂದು ನನಗೆ ದೊರೆಯಿತು. ಬೀದಿಯನ್ನು ಅಗಲ ಮಾಡುವುದಕ್ಕೆ ಮುಂಚೆ ಅಲ್ಲಿ ಕುಳಿತವರಾರೆಂದು ವಿಚಾರಿಸಿದ ಒಬ್ಬ ಮನುಷ್ಯ, ನಮ್ಮ ಬೀದಿ ಬೀಳುವುದಕ್ಕೆ ಎಷ್ಟೋ ದಶಕಗಳ ಹಿಂದೆ, ಈ ದೇಶದಲ್ಲಿಯೇ ತಿರುಗಾಡಿ ಹೋಗಿದ್ದನೆಂದು ಅಂದು ತಿಳಿಯಿತು.

ಗೆಡ್ಡೆಸ್ ಹುಟ್ಟಿದ್ದು 1854ರ ಅಕ್ಟೋಬರ್ 2ರಂದು, ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬಲ್ಲಿ. ಬೆಳೆದದ್ದು ಪರ್ತ್ ಪಟ್ಟಣದ ಹೊರಗೆ, ಗುಡ್ಡದ ಮೇಲಿನ ಒಂದು ಸಣ್ಣ ಮನೆಯಲ್ಲಿ. ತಂದೆ ಸೇನೆಯಲ್ಲಿದ್ದವರು. ಅವರೊಡನೆ ತೋಟದಲ್ಲಿ ಮಣ್ಣು ಅಗೆಯುತ್ತ, ಗುಡ್ಡದ ತುದಿಯಿಂದ ಕೆಳಗಿನ ನದಿಯನ್ನೂ ಊರನ್ನೂ ಹೊಲಗಳನ್ನೂ ಒಂದೇ ನೋಟಕ್ಕೆ ಕಾಣುತ್ತ ಕಳೆದ ಬಾಲ್ಯ ಅವರದು. ಮುಂದೆ ಅವರು ಹೇಳಿದ್ದೆಲ್ಲ ಈ ಗುಡ್ಡದ ನೋಟದ ವಿಸ್ತರಣೆಯೆಂದರೆ ತಪ್ಪಾಗಲಾರದು. ತಂದೆಯ ಇಚ್ಛೆಯಂತೆ ಸ್ವಲ್ಪಕಾಲ ಬ್ಯಾಂಕಿನಲ್ಲಿ ಕೆಲಸ ಮಾಡಿದರು. ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರ ಕಲಿಯಹೋಗಿ ಒಂದೇ ವಾರದಲ್ಲಿ ಬಿಟ್ಟರು. ಬಳಿಕ ಲಂಡನ್ನಿನಲ್ಲಿ ಹಕ್ಸ್‌ಲಿಯವರ ಶಿಷ್ಯರಾದರು. ಪದವಿಯನ್ನು ಮಾತ್ರ ಪಡೆಯಲಿಲ್ಲ.

1879ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಮಾದರಿಗಳ ಸಂಗ್ರಹಕ್ಕೆಂದು ಮೆಕ್ಸಿಕೋ ದೇಶಕ್ಕೆ ಹೋದಾಗ ಕಣ್ಣಿನ ಬೇನೆ ಬಂದು, ವಾರಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಇರಬೇಕಾಯಿತು. ನೋಡುವುದೇ ಕಸುಬಾದವನಿಗೆ ಇದಕ್ಕಿಂತ ದೊಡ್ಡ ದಂಡನೆ ಯಾವುದು? ಕೈಯಿಂದ ಕಿಟಕಿಯ ಗಾಜಿನ ಚೌಕಗಳನ್ನು ತಡವುತ್ತ, ಒಂದೊಂದು ಚೌಕಕ್ಕೆ ಒಂದೊಂದು ಭಾವನೆಯನ್ನು ಕಲ್ಪಿಸಿ, ಅವುಗಳ ಪರಸ್ಪರ ಸಂಬಂಧವನ್ನು ಆಲೋಚಿಸುವ ಅಭ್ಯಾಸ ಅಲ್ಲಿ ಹುಟ್ಟಿತು. ನೆಲ, ದುಡಿಮೆ, ಜನ ಎಂಬ ತ್ರಿಪುಟಿಯನ್ನು ಅವರು ಫ್ರಾನ್ಸಿನ ಲ ಪ್ಲೇ ಎಂಬ ಸಮಾಜಶಾಸ್ತ್ರಜ್ಞನ ಪಂಥದಿಂದ ಪಡೆದಿದ್ದರು. ಅದನ್ನು ಚೌಕಗಳಲ್ಲಿಟ್ಟು, ಜನವಿಲ್ಲದ ನೆಲ, ದುಡಿಮೆಯಿಲ್ಲದ ಜನ ಎಂದು ಹೆಣೆದು ನೋಡಿದರು. ದೃಷ್ಟಿ ಮರಳಿತು, ಆದರೆ ಸೂಕ್ಷ್ಮದರ್ಶಕದ ಮುಂದೆ ದೀರ್ಘಕಾಲ ಕೂರುವ ಶಕ್ತಿ ಮರಳಲಿಲ್ಲ. ಜೀವಕೋಶವನ್ನು ಬಿಟ್ಟ ಕಣ್ಣು ಊರಿನ ಮೇಲೆ ನೆಟ್ಟಿತು.

ಇವರ ಅರ್ಥಶಾಸ್ತ್ರವನ್ನು ಕುರಿತು ಎರಡು ಮಾತು ಹೇಳಲೇಬೇಕು. 1884ರಲ್ಲಿ ರಸ್ಕಿನ್ನರನ್ನು ಅರ್ಥಶಾಸ್ತ್ರಜ್ಞರೆಂದು ಎತ್ತಿಹಿಡಿದು ಒಂದು ಹೊತ್ತಗೆ ಬರೆದರು. ಇಪ್ಪತ್ತು ವರ್ಷಗಳ ಮೇಲೆ ದಕ್ಷಿಣ ಆಫ್ರಿಕಾದ ರೈಲುಗಾಡಿಯಲ್ಲಿ ಗಾಂಧೀಜಿಯವರ ನಿದ್ದೆ ಕೆಡಿಸಿದ ರಸ್ಕಿನ್ನರೇ ಇವರು. ಅದೇ ಕಾಲದಲ್ಲಿ ಅರ್ಥಶಾಸ್ತ್ರದ ಮೂಲತತ್ತ್ವಗಳ ಮೇಲೆ ಎಡಿನ್‌ಬರೋ ನಗರದ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಓದಿದರು. ಹಣದ ಲೆಕ್ಕ ಊರಿನ ನಿಜವಾದ ಲೆಕ್ಕವಲ್ಲ. ಭೂಮಿಯಿಂದ ಎಷ್ಟು ದ್ರವ್ಯ, ಎಷ್ಟು ಶಕ್ತಿ ಬಂದಿತು, ಅಗೆಯುವಲ್ಲಿ, ಸಾಗಿಸುವಲ್ಲಿ, ತಯಾರಿಸುವಲ್ಲಿ ಎಷ್ಟು ವ್ಯರ್ಥವಾಯಿತು, ಕೊನೆಗೆ ಮನುಷ್ಯನ ಬಾಳಿಗೆ ದಕ್ಕಿದ್ದೆಷ್ಟು ಎಂಬುದನ್ನು ಬರೆದಿಡಬೇಕು ಎಂಬುದು ಅದರ ತಾತ್ಪರ್ಯ. ಕಲ್ಲಿದ್ದಲ ಹೊಗೆಯನ್ನು ಸಂಪತ್ತಿನ ಧ್ವಜವೆಂದು ಎಲ್ಲರೂ ಕೊಂಡಾಡುತ್ತಿದ್ದ ದಿನಗಳಲ್ಲಿ ಅದನ್ನು ನಷ್ಟದ ಬಾಬಿಗೆ ಬರೆದವರು ಇವರು. ಎಲ್ಲ ಬದುಕಿನ ಬಂಡವಾಳವೂ ಹಸುರೆಲೆಯೇ ಎಂಬ ಸಸ್ಯಶಾಸ್ತ್ರಜ್ಞನ ಅರಿವು ಇದರ ಬೆನ್ನಿಗಿತ್ತು. 2020ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರ ಭೂಮಿಯ ಮಿತಿಯನ್ನೂ ಜನರ ಅಗತ್ಯವನ್ನೂ ಒಂದೇ ವೃತ್ತದಲ್ಲಿ ಬರೆದು ಅದರಂತೆ ನಡೆಯುವೆನೆಂದಾಗ ಲೋಕ ಅದನ್ನು ಹೊಸತೆಂದಿತು. ನನಗೆ ಹಾಗೆ ತೋರಲಿಲ್ಲ.

ಪ್ರಬಂಧ ಓದುವವರು ಬಹುಮಂದಿ. ಗೆಡ್ಡೆಸರು ಪ್ರಬಂಧವನ್ನು ಬಾಳಿದರು. 1886ರಲ್ಲಿ ಲಿವರ್‌ಪೂಲಿನ ವರ್ತಕರೊಬ್ಬರ ಮಗಳಾದ ಆನಾ ಮಾರ್ಟನ್ ಅವರನ್ನು ಮದುವೆಯಾದರು. ಮರುವರ್ಷ ಎಡಿನ್‌ಬರೋ ನಗರದ ಹಳೆಯ ಭಾಗದಲ್ಲಿ, ಶ್ರೀಮಂತರು ಎಂದೋ ಬಿಟ್ಟುಹೋಗಿ ಕೊಳೆಗೇರಿಯಾಗಿದ್ದ ಜೇಮ್ಸ್ ಕೋರ್ಟ್ ಎಂಬ ವಠಾರಕ್ಕೆ ಬಿಡಾರ ಬದಲಾಯಿಸಿದರು. ಆಕೆ ತುಂಬು ಬಸುರಿ. ನೆರೆಯವರಿಗೆ ಉಪದೇಶ ಮಾಡದೆ ದಂಪತಿಗಳು ಪೊರಕೆ ಹಿಡಿದರು, ಗೋಡೆಗೆ ಸುಣ್ಣ ಬಳಿದರು, ಕಿಟಕಿಗಳಲ್ಲಿ ಹೂಗಿಡ ಇಟ್ಟರು. ಮೊದಲು ನೋಡುತ್ತ ನಿಂತವರು ಆಮೇಲೆ ಕೈಗೂಡಿಸಿದರು. ತೀರ ಕೆಟ್ಟ ಕಟ್ಟಡವನ್ನು ಮಾತ್ರ ಕೆಡವುವುದು, ಆ ಜಾಗದಲ್ಲಿ ಗಾಳಿ, ಬೆಳಕು, ತೋಟಕ್ಕೆ ಎಡೆಮಾಡುವುದು, ಉಳಿದುದನ್ನು ದುರಸ್ತಿ ಮಾಡುವುದು, ಜನರನ್ನು ಕದಲಿಸದಿರುವುದು ಅವರ ಕ್ರಮ. ಅಂಗವನ್ನು ಉಳಿಸುವ ಶಸ್ತ್ರಚಿಕಿತ್ಸೆ ಎಂಬರ್ಥದ ಹೆಸರನ್ನು ಇದಕ್ಕೆ ಮುಂದೆ ಇಟ್ಟರು. ವಿದ್ಯಾರ್ಥಿಗಳೇ ನಡೆಸಿಕೊಳ್ಳುವ ವಸತಿಗೃಹಗಳೂ ಅಲ್ಲಿಯೇ ಆರಂಭವಾದವು. ಇದಕ್ಕೆಲ್ಲ ಆಕೆಯ ಪಿತ್ರಾರ್ಜಿತವೂ ಕರಗಿತೆಂಬುದನ್ನು ಗಂಡಂದಿರ ಕೀರ್ತಿಯನ್ನು ಹಾಡುವವರು ಮರೆಯಬಾರದು. ಲೆಕ್ಕಪತ್ರದಲ್ಲಿ ಗೆಡ್ಡೆಸರು ಶುದ್ಧ ಅಪ್ರಯೋಜಕರು. ಲೋಕದ ಶಕ್ತಿಯ ಲೆಕ್ಕ ಬರೆದವರಿಗೆ ಮನೆಯ ಲೆಕ್ಕ ಬರಲಿಲ್ಲ.

1888ರಿಂದ ಡಂಡೀಯಲ್ಲಿ ಬೇಸಗೆಗೆ ಮಾತ್ರ ಪಾಠ ಹೇಳುವ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಪದವಿ, ಎಡಿನ್‌ಬರೋ ನಗರದಲ್ಲಿ ಊರನ್ನೂ ಸುತ್ತಲ ಸೀಮೆಯನ್ನೂ ತೋರಿಸುವ ಗೋಪುರ, ಸೈಪ್ರಸ್ಸಿನಲ್ಲಿ ಆರ್ಮೇನಿಯದ ನಿರಾಶ್ರಿತರಿಗೆ ಕಸುಬು ಕಲ್ಪಿಸುವ ಪ್ರಯತ್ನ: ಇವನ್ನು ಹೆಸರಿಸಿ ಮುಂದೆ ಹೋಗುತ್ತೇನೆ.

1914ರಲ್ಲಿ, ಅರುವತ್ತರ ವಯಸ್ಸಿನಲ್ಲಿ, ಮದ್ರಾಸಿನ ಗವರ್ನರ್ ಪೆಂಟ್ಲಂಡ್ ಪ್ರಭುಗಳ ಆಹ್ವಾನದ ಮೇಲೆ ಭಾರತಕ್ಕೆ ಬಂದರು. ಜೀವಮಾನದಲ್ಲಿ ಕೂಡಿಸಿದ್ದ ನಕ್ಷೆಗಳೂ ಚಿತ್ರಗಳೂ ಬೇರೊಂದು ಹಡಗಿನಲ್ಲಿ ಬರುತ್ತಿದ್ದವು. ಆ ಸೆಪ್ಟೆಂಬರಿನಲ್ಲಿ ಮದ್ರಾಸಿನ ಮೇಲೆ ಗುಂಡು ಹಾರಿಸಿದ್ದ ಎಮ್ಡನ್ ಎಂಬ ಜರ್ಮನ್ ನೌಕೆಯೇ ಆ ಹಡಗನ್ನೂ ಮುಳುಗಿಸಿತು. ಸ್ನೇಹಿತರು ಹೊಸದಾಗಿ ಕೂಡಿಸಿ ಕಳುಹಿಸಿದ ಸಾಮಗ್ರಿಯಿಂದ 1915ರ ಜನವರಿಯಲ್ಲಿ ಮದ್ರಾಸಿನ ಪ್ರದರ್ಶನ ನಡೆಯಿತು. ಅಲ್ಲಿಂದ ತಂಜಾವೂರು, ಮಧುರೆ ಮೊದಲಾದ ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿ ಬರೆದರು. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಅವುಗಳಲ್ಲಿ ಒಂದು.

ಎಂಜಿನಿಯರರು ನಕ್ಷೆಯ ಮೇಲೆ ಸರಳರೇಖೆ ಎಳೆದು ನೂರಾರು ಮನೆಗಳನ್ನು ಅಳಿಸುವಲ್ಲಿ, ಇವರು ಓಣಿಗಳಲ್ಲಿ ಓಡಾಡಿ, ಪಾಳುಬಿದ್ದ ನಿವೇಶನಗಳನ್ನು ಗುರುತಿಸಿ, ಕೆಲವೇ ಮನೆಗಳನ್ನು ತೆಗೆದರೆ ಸಾಕೆಂದೂ ವೆಚ್ಚ ಬಹಳಷ್ಟು ಇಳಿಯುವುದೆಂದೂ ತೋರಿಸಿದರು. ಮಲೇರಿಯದ ಭಯದಿಂದ ಕೆರೆಗಳನ್ನು ಮುಚ್ಚಹೊರಟವರಿಗೆ, ನೀರಿಗೆ ಮೀನನ್ನೂ ಬಾತುಗಳನ್ನೂ ಬಿಡಿ, ಸೊಳ್ಳೆಯ ಮರಿಗಳನ್ನು ಅವು ತಿನ್ನುತ್ತವೆ ಎಂದು ಹೇಳಿದರು. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗಲೆಲ್ಲ ನನಗೆ ಆ ಬಾತುಕೋಳಿಗಳ ನೆನಪಾಗುತ್ತದೆ.

1917 ಅವರ ಪಾಲಿಗೆ ಕ್ರೂರವಾದ ವರ್ಷ. ಏಪ್ರಿಲಿನಲ್ಲಿ ಹಿರಿಯ ಮಗ ಅಲಸ್ಟೇರ್ ಫ್ರಾನ್ಸಿನ ರಣರಂಗದಲ್ಲಿ ಮಡಿದ. ಆಗ ಆನಾ ಇಲ್ಲಿ ಕಾಯಿಲೆ ಮಲಗಿದ್ದರು. ಮಗನ ಹಳೆಯ ಕಾಗದಗಳನ್ನು ಈಗ ಬಂದವೆಂಬಂತೆ ಆಕೆಗೆ ಓದಿಹೇಳುತ್ತ, ಸುದ್ದಿಯನ್ನು ಗೆಡ್ಡೆಸರು ಎದೆಯಲ್ಲಿಯೇ ಇಟ್ಟುಕೊಂಡರು. ಜೂನಿನಲ್ಲಿ ಆಕೆಯೂ ತೀರಿಕೊಂಡರು, ಮಗ ಬದುಕಿದ್ದಾನೆಂಬ ನಂಬಿಕೆಯಲ್ಲಿ.

ಇದಾದ ಬಳಿಕ ಅವರು ಮಾಡಿದ್ದು ಇಂದೋರಿನ ಕೆಲಸ. ಪ್ಲೇಗು ಆ ಊರನ್ನು ಮತ್ತೆ ಮತ್ತೆ ಕಾಡುತ್ತಿತ್ತು. ನಕ್ಷೆ ಹಿಡಿದು ಓಣಿಗಳಲ್ಲಿ ಅಲೆಯುವ ಮುದುಕ ದೊರೆಯನ್ನು ಕಂಡರೆ ಜನಕ್ಕೆ ಅಂಜಿಕೆ. ಮನೆ ಕೆಡವಲು ಬಂದವನೆಂದೂ ರೋಗ ತರುವವನೆಂದೂ ಹೆದರುತ್ತಿದ್ದರು. ಗೆಡ್ಡೆಸರು ತಮ್ಮನ್ನು ಒಂದು ದಿನದ ಮಟ್ಟಿಗೆ ಮಹಾರಾಜನನ್ನಾಗಿ ಮಾಡಬೇಕೆಂದು ಸಂಸ್ಥಾನವನ್ನು ಬೇಡಿಕೊಂಡರು, ಅನುಮತಿಯೂ ದೊರೆಯಿತು. ದೀಪಾವಳಿಯ ಮೆರವಣಿಗೆ ಈ ಸಾರಿ ಹಳೆಯ ರಾಜಬೀದಿಯಲ್ಲಿ ಹೋಗುವುದಿಲ್ಲ, ಯಾವ ಬೀದಿಯವರು ಹೆಚ್ಚು ಮನೆಗಳನ್ನು ಗುಡಿಸಿ ದುರಸ್ತಿ ಮಾಡಿರುವರೋ ಅಲ್ಲಿಗೆ ಬರುತ್ತದೆ ಎಂದು ಡಂಗುರ ಹೊಡೆಸಿದರು. ಊರಿಗೆ ಊರೇ ಎದ್ದಿತು. ಗಾಡಿಗಟ್ಟಲೆ ಕಸ ಹೊರಬಿತ್ತು. ಇಲಿಗಳು ಸಾವಿರಗಟ್ಟಲೆ ಸಿಕ್ಕಿಬಿದ್ದವು.

ಆ ದಿನ ಆನೆಗಳು, ಕುದುರೆಗಳು, ಸುಗ್ಗಿಯ ಪೈರಿನ ಗಾಡಿಗಳು ಮುಂದೆ. ಅವುಗಳ ಹಿಂದೆ ಕೊಳೆಯೆಂಬ ರಾಕ್ಷಸ, ಪ್ಲೇಗಿನ ಮಹಾಮೂಷಕ. ಅವರ ಬೆನ್ನಿಗೇ ಬೀದಿ ಗುಡಿಸುವವರು, ನಾವು ಈಗ ಪೌರಕಾರ್ಮಿಕರೆಂದು ಕರೆಯುವವರು, ಶುಭ್ರವಾದ ಬಟ್ಟೆ ತೊಟ್ಟು, ಹೂವಿನ ಹಾರ ಧರಿಸಿ, ಹೊಸ ಪೊರಕೆಗಳನ್ನು ಹೆಗಲಿಗೇರಿಸಿ ನಡೆದರು. ಮುಟ್ಟಿದರೆ ಮೈಲಿಗೆಯೆಂದು ದೂರವಿಟ್ಟಿದ್ದವರಿಗೆ ಊರು ಬೀದಿಯಲ್ಲಿ ನಿಂತು ಜಯಕಾರ ಮಾಡಿತು. ಅವರ ಹಿಂದೆ ಕಟ್ಟಬೇಕಾದ ಊರಿನ ಮಾದರಿಗಳು. ರಾತ್ರಿ ಇಲಿಯನ್ನೂ ರಾಕ್ಷಸನನ್ನೂ ಸುಟ್ಟರು. ಪ್ಲೇಗು ಇಳಿಯಿತು, ಅದರ ಕಾಲವೂ ಮುಗಿಯುತ್ತಿತ್ತೆಂಬುದನ್ನು ಸೇರಿಸದೆ ಬಿಟ್ಟರೆ ಪವಾಡದ ಕಥೆಯಾದೀತು. ಮರುದಿನದಿಂದ ಗೆಡ್ಡೆಸರನ್ನು ಕಂಡು ಮಕ್ಕಳು ಓಡಲಿಲ್ಲ. 1918ರಲ್ಲಿ ಇಂದೋರಿನ ವರದಿ ಎರಡು ಸಂಪುಟಗಳಲ್ಲಿ ಹೊರಬಂದಿತು.

1919ರಿಂದ 1924ರವರೆಗೆ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿದ್ದರು. ಅವರ ತರುವಾಯ ಆ ವಿಭಾಗವನ್ನು ವಹಿಸಿಕೊಂಡವರು ಘುರ್ಯೆ. ಘುರ್ಯೆಯವರ ಶಿಷ್ಯರು ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸ್. ಈ ಎಳೆ ಎಷ್ಟು ದೂರ ಬಂದಿತೆಂದು ನೋಡಿ. ತರಗತಿಯಲ್ಲಿ ಮಾತ್ರ ಗೆಡ್ಡೆಸರು ಗಡ್ಡದೊಳಗೇ ಗೊಣಗುವರಂತೆ, ಒಂದು ವಿಷಯದಿಂದ ಹತ್ತಕ್ಕೆ ಹಾರುವರಂತೆ. ಹಿಡಿದ ಪುಸ್ತಕಗಳಲ್ಲಿ ಎಷ್ಟೋ ಮುಗಿಯಲಿಲ್ಲ. ಬರೆದ ಯೋಜನೆಗಳಲ್ಲಿ ಹೆಚ್ಚಿನವು ಕಪಾಟು ಸೇರಿದವು. ರಾಜರುಗಳ ಔದಾರ್ಯವನ್ನು ನೆಚ್ಚಿ ಪ್ರಜೆಗಳ ಕೆಲಸ ಮಾಡಹೊರಟದ್ದು ಅವರ ಬಲವೋ ದೌರ್ಬಲ್ಯವೋ, ನಾನು ಇನ್ನೂ ನಿರ್ಧರಿಸಿಲ್ಲ. ಇಂದೋರಿನಲ್ಲಿ ಮಹಾರಾಜನ ಒಂದು ದಿನ ಮುಗಿದ ಮೇಲೆ ಪೊರಕೆಯವರ ಹಾರ ಎಷ್ಟು ಹೊತ್ತು ಬಾಡದೆ ಇತ್ತೆಂದು ಕೇಳಬೇಕಾಗುತ್ತದೆ.

1924ರಲ್ಲಿ ಭಾರತವನ್ನು ಬಿಟ್ಟು ಫ್ರಾನ್ಸಿನ ಮೊಂಪೆಲಿಯೆಯಲ್ಲಿ ನೆಲಸಿದರು. ಟೆಲ್ ಅವೀವ್ ನಗರದ ಯೋಜನೆ ಮರುವರ್ಷದ್ದು. ಹಿಂದೆ ಒಲ್ಲೆನೆಂದಿದ್ದ ಸರ್ ಬಿರುದನ್ನು 1932ರಲ್ಲಿ ಸ್ವೀಕರಿಸಿ, ಅದೇ ವರ್ಷ ಏಪ್ರಿಲ್ 17ರಂದು ಅಲ್ಲಿಯೇ ಕಣ್ಮುಚ್ಚಿದರು.

ಅಂದು ತರಗತಿ ಮುಗಿದ ಮೇಲೆ, ನಕ್ಕವರ ಪೈಕಿಯ ಒಬ್ಬ ಹುಡುಗಿ ಬಂದು ಪುಸ್ತಕ ಕೇಳಿದಳು. ಅವಳ ತಂದೆಯ ಸೈಕಲ್ ಅಂಗಡಿಯಿರುವ ಬೀದಿಯ ಗೋಡೆಗಳ ಮೇಲೆ ಕೆಂಪು ಗುರುತು ಬಿದ್ದು ಹದಿನೈದು ದಿನವಾಗಿತ್ತಂತೆ. ಪುಸ್ತಕ ಇನ್ನೂ ಹಿಂದಕ್ಕೆ ಬಂದಿಲ್ಲ. ಗೆಳತಿಯರನ್ನು ಕಟ್ಟಿಕೊಂಡು ಆ ಬೀದಿಯ ನಕ್ಷೆ ಬರೆಯುತ್ತಿದ್ದಾಳೆಂದು ಕೇಳಿದೆ: ಬಾವಿ ಎಲ್ಲಿದೆ, ಮರಗಳೆಷ್ಟು, ಯಾವ ಜಗಲಿಯ ಮೇಲೆ ಸಂಜೆ ಯಾರು ಕುಳಿತುಕೊಳ್ಳುತ್ತಾರೆ.